ಅಂಕಪಟ್ಟಿ ಬೇಡ, ಉತ್ತರಪತ್ರಿಕೆ ತನ್ನಿ

(ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.)

ಹುಡುಗಿಗೆ 15 ವರ್ಷ, ಒಂಬತ್ತನೇ ತರಗತಿ. ಕಳೆದ ವರ್ಷದವರೆಗೆ ಚೆನ್ನಾಗಿ ಓದುತ್ತಿದ್ದವಳು ಈ ಸಲ ಎರಡು ಪರೀಕ್ಷೆಯಲ್ಲೂ ಹಿಂದೆ ಬಿದ್ದಿದ್ದಳು. "ರಾತ್ರಿ ಒಂದು ಗಂಟೆವರೆಗೆ ಓದ್ತಾಳೆ ಮೇಡಂ, ತಲೆಗೇ ಹತ್ತಲ್ಲ" ಎಂದರು, ಸಲಹೆ ಕೇಳಲು ಅವಳನ್ನು ನನ್ನ ಬಳಿ ಕರೆತಂದಿದ್ದ ಅಪ್ಪ. ಐದು ನಿಮಿಷದಲ್ಲಿ ಅಣ್ಣನ ಅಂಕಗಳ ಮಾತು ಮೂರು ಸಲ ಬಂತು. ಅವಳು ನೆಲ ನೋಡುತ್ತಾ ಕೂತಿದ್ದಳು.

ನಾನು ಉತ್ತರಪತ್ರಿಕೆ ತರಿಸಿದೆ. ಅಂಕ ಎಷ್ಟು ಹೋಯಿತು ಅಂತ ಪಟ್ಟಿ ಹೇಳುತ್ತದೆ, ಎಲ್ಲಿ ಹೋಯಿತು ಅಂತ ಹೇಳುವುದಿಲ್ಲ. ವಿಜ್ಞಾನದ ಉತ್ತರಗಳು ಚೆನ್ನಾಗಿ ಶುರುವಾಗಿ ಅರ್ಧಕ್ಕೆ ನಿಂತಿದ್ದವು. ಗಣಿತದಲ್ಲಿ ಪ್ಲಸ್ಸು ಮೈನಸ್ಸು ಅದಲುಬದಲು. ಸುಸ್ತಾದವಳ ತಪ್ಪುಗಳು ಅನ್ನಿಸಿತು.

ಅಪ್ಪನನ್ನು ಹೊರಗೆ ಕೂರಿಸಿ ಕೇಳಿದೆ. ಮಲಗುವುದು ಒಂದಕ್ಕೆ, ಏಳುವುದು ಐದೂವರೆಗೆ. ಈ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಇವಳಿಗೆ ಸಿಗುತ್ತಿದ್ದದ್ದು ನಾಲ್ಕೂವರೆ. ಓದುವುದು ಹೇಗೆ? "ಬಣ್ಣದ ಪೆನ್ನಲ್ಲಿ ಗೆರೆ ಹಾಕಿ ನಾಲ್ಕು ಸಲ ಓದ್ತೀನಿ. ರಾತ್ರಿ ಎಲ್ಲಾ ಬರುತ್ತೆ, ಪರೀಕ್ಷೆ ಹೊತ್ತಿಗೆ ಇರಲ್ಲ."

ಅವಳು ಹೇಳಿದ್ದು ಸುಳ್ಳಲ್ಲ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು ಇದನ್ನೇ ಪರೀಕ್ಷಿಸಿದ್ದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದು. ವಾರ ಕಳೆದ ಮೇಲೆ, ನೋಡದೆ ನೆನಪಿಸಿಕೊಂಡು ಬರೆದವರು ಮುಂದು. ಓದುವಾಗ ಗೊತ್ತಿರುವುದೇ ಅನ್ನಿಸಿದರೆ ಅದನ್ನೇ ನಾವು ಕಲಿತದ್ದು ಅಂದುಕೊಳ್ಳುತ್ತೇವೆ, ಅಲ್ವಾ?

ಹುಡುಗಿಗೆ ಹೇಳಿದ್ದು ಇಷ್ಟೇ: ಪಾಠ ಒಮ್ಮೆ ಓದು, ಪುಸ್ತಕ ಮುಚ್ಚು, ನೆನಪಿದ್ದದ್ದನ್ನು ಬರೆ. ಬಿಟ್ಟುಹೋದದ್ದನ್ನು ಮಾತ್ರ ಮತ್ತೆ ನೋಡು. ಎರಡು ದಿನ ಬಿಟ್ಟು ಮತ್ತೊಮ್ಮೆ ಬರೆ. ಹತ್ತು ಗಂಟೆಗೆ ದೀಪ ಆರಿಸು, ಆರಕ್ಕೆ ಏಳು. ಅಪ್ಪನಿಗೆ ಎರಡು ಕೆಲಸ ಕೊಟ್ಟೆ. ಒಂದು, ಮಗಳ ಕಣ್ಣು ಮತ್ತು ರಕ್ತ ಪರೀಕ್ಷೆ ಮಾಡಿಸುವುದು. ಈ ವಯಸ್ಸಿನ ಹುಡುಗಿಯರಲ್ಲಿ ಕಬ್ಬಿಣದ ಕೊರತೆ ಜಾಸ್ತಿ, ಅದರಿಂದಲೂ ಗಮನ ನಿಲ್ಲುವುದಿಲ್ಲ. ಇನ್ನೊಂದು, ಅಣ್ಣನ ಸುದ್ದಿ ಎತ್ತದಿರುವುದು. ಮೊದಲನೆಯದಕ್ಕೆ ತಕ್ಷಣ ಒಪ್ಪಿದರು.

ಆರು ವಾರದಲ್ಲಿ ವಿಜ್ಞಾನ ಸುಧಾರಿಸಿತು. ಗಣಿತ ಕದಲಲಿಲ್ಲ. ಎದುರಿಗೆ ಕೂರಿಸಿ ಲೆಕ್ಕ ಮಾಡಿಸಿದಾಗ ತಿಳಿಯಿತು: ಸಮೀಕರಣದಲ್ಲಿ ಚಿಹ್ನೆ ಯಾಕೆ ಬದಲಾಗುತ್ತದೆ ಅನ್ನುವುದೇ ಅವಳಿಗೆ ಅರ್ಥವಾಗಿರಲಿಲ್ಲ. ಎಲ್ಲವನ್ನೂ ನಿದ್ದೆಯ ಮೇಲೆ ಹೊರಿಸಿದ್ದು ನನ್ನ ಅವಸರ. ಈಗ ಗಣಿತದ ಮೇಷ್ಟ್ರು ವಾರಕ್ಕೆ ಎರಡು ದಿನ ಹಿಂದಿನ ತರಗತಿಯ ಪಾಠ ಹೇಳಿಕೊಡುತ್ತಿದ್ದಾರೆ.

ಮೊನ್ನೆ ಅಪ್ಪ ಫೋನ್ ಮಾಡಿದ್ದರು. "ಹತ್ತಕ್ಕೇ ಮಲಗ್ತಾಳೆ ಮೇಡಂ, ಸೋಮಾರಿ ಆಗಲ್ವಾ?" ಮುಂದಿನ ವಾರ ಅವರೊಬ್ಬರೇ ಬರಲಿ ಎಂದಿದ್ದೇನೆ.