ಯಾರೂ ಇಳಿಯದೆ, ಕೊರೆಯದೆ ಯುರೋಪಾ ಮತ್ತು ಎನ್ಸೆಲಡಸ್‌ನ ಹಿಮದಡಿ ಸಮುದ್ರವಿದೆ ಎಂದು ಹೇಗೆ ಹೇಳುತ್ತಾರೆ?

ಪ್ರಶ್ನೆ: “ಗುರುವಿನ ಚಂದ್ರ ಯುರೋಪಾ, ಶನಿಯ ಚಂದ್ರ ಎನ್ಸೆಲಡಸ್ ಎರಡರಲ್ಲೂ ಹಿಮದ ಕೆಳಗೆ ಸಮುದ್ರ ಇದೆ ಅಂತಾರೆ. ಅಲ್ಲಿ ಯಾವ ನೌಕೆಯೂ ಇಳಿದಿಲ್ಲ. ಇದು ಬರೀ ಊಹೆ ಅಲ್ವಾ?”

ಎನ್ಸೆಲಡಸ್ ವಿಷಯದಲ್ಲಿ ಊಹೆಗೆ ಹೆಚ್ಚು ಜಾಗ ಉಳಿದಿಲ್ಲ. ಯುರೋಪಾ ವಿಷಯದಲ್ಲಿ ಸಾಕ್ಷ್ಯ ಬಲವಾಗಿದೆ, ಆದರೆ ಮುಖ್ಯವಾಗಿ ಒಂದೇ ಬಗೆಯದು. ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ಅಳತೆಗಳು ಒಂದೇ ಮಾತು ಹೇಳಿದಾಗ ಮಾತ್ರ ಇಂಥದ್ದನ್ನು ಗಟ್ಟಿಯಾಗಿ ನಂಬಬೇಕು ಅನ್ನುವುದು ನನ್ನ ನಿಲುವು. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಮೊದಲು ಯುರೋಪಾ. ಗುರುವಿನ ಕಾಂತಾಕ್ಷ ಅದು ತಿರುಗುವ ಅಕ್ಷಕ್ಕೆ ಸುಮಾರು 10 ಡಿಗ್ರಿ ವಾಲಿಕೊಂಡಿದೆ. ಹಾಗಾಗಿ ಗುರು ತಿರುಗಿದಂತೆ ಯುರೋಪಾ ಇರುವ ಜಾಗದಲ್ಲಿ ಕಾಂತಕ್ಷೇತ್ರದ ಒಂದು ಅಂಶ ಗುರುವಿನ ಕಡೆಗೊಮ್ಮೆ, ಹೊರಗಿನ ಕಡೆಗೊಮ್ಮೆ ಹೊರಳುತ್ತದೆ; ಒಂದು ಸುತ್ತಿಗೆ 11.2 ಗಂಟೆ. ಹೀಗೆ ಬದಲಾಗುವ ಕ್ಷೇತ್ರದಲ್ಲಿ ವಿದ್ಯುತ್ ವಾಹಕ ಇದ್ದರೆ ಅದರೊಳಗೆ ಪ್ರವಾಹ ಹರಿದು, ಆ ಬದಲಾವಣೆಯನ್ನು ವಿರೋಧಿಸುವ ಇನ್ನೊಂದು ಕ್ಷೇತ್ರ ಹುಟ್ಟುತ್ತದೆ. ಪಿಯುಸಿ ಫಿಸಿಕ್ಸ್‌ನಲ್ಲಿ ಬರುವ ಲೆನ್ಜ್ ನಿಯಮವೇ ಇದು. ಹಿಮಕ್ಕೂ ತಣ್ಣಗಿನ ಕಲ್ಲಿಗೂ ಅಷ್ಟು ಪ್ರವಾಹ ಹರಿಸುವ ಶಕ್ತಿ ಇಲ್ಲ, ಉಪ್ಪುನೀರಿಗೆ ಇದೆ. ಒಳಗಿನ ಕಬ್ಬಿಣದ ತಿರುಳೂ ವಾಹಕವೇ ಅಲ್ಲವೇ ಅನ್ನಬಹುದು. ಹೌದು, ಆದರೆ ಹೀಗೆ ಹುಟ್ಟಿದ ಕ್ಷೇತ್ರ ದೂರದ ಘನಕ್ಕೆ ವಿಲೋಮವಾಗಿ ಕುಗ್ಗುತ್ತದೆ. ತಿರುಳು ಯುರೋಪಾದ ಅರ್ಧ ತ್ರಿಜ್ಯದಷ್ಟಿದೆ ಅಂದುಕೊಂಡರೂ ಅದರ ಪ್ರಭಾವ ಮೇಲ್ಮೈಗೆ ಬರುವಷ್ಟರಲ್ಲಿ ಎಂಟರಲ್ಲಿ ಒಂದು ಪಾಲಿಗೆ ಇಳಿದಿರುತ್ತದೆ. ಅಳತೆಗೆ ಸಿಕ್ಕಿದ ಕ್ಷೇತ್ರ ಅದಕ್ಕಿಂತ ಎಷ್ಟೋ ಬಲವಾಗಿತ್ತು, ಅಂದರೆ ವಾಹಕ ಮೇಲ್ಮೈಗೆ ಹತ್ತಿರದಲ್ಲೇ ಇರಬೇಕು.

ಯುರೋಪಾಕ್ಕೆ ತನ್ನದೇ ಶಾಶ್ವತ ಕಾಂತತ್ವ ಇದ್ದಿದ್ದರೆ? ಆ ಅನುಮಾನ ಪರಿಹರಿಸಿದ್ದು, ಗುರುವನ್ನು ಸುತ್ತುತ್ತಿದ್ದ ನಾಸಾದ ಗೆಲಿಲಿಯೋ ನೌಕೆ 2000ದ ಜನವರಿ 3ರಂದು ಯುರೋಪಾ ಪಕ್ಕದಲ್ಲಿ ಹಾದುಹೋದದ್ದು. ಹಿಂದಿನ ಒಳ್ಳೆಯ ಅಳತೆಗಳು ಸಿಕ್ಕಾಗ ಗುರುವಿನ ಕ್ಷೇತ್ರ ಯಾವ ಕಡೆಗಿತ್ತೋ, ಈ ಸಲ ಅದಕ್ಕೆ ವಿರುದ್ಧ ದಿಕ್ಕಿನಲ್ಲಿತ್ತು. ನೌಕೆಯ ಕಾಂತಮಾಪಕದ ಹೊಣೆ ಹೊತ್ತಿದ್ದ ವಿಜ್ಞಾನಿ ಮಾರ್ಗರೆಟ್ ಕಿವೆಲ್ಸನ್ ಅವರ ತಂಡ ನೋಡಿದಾಗ ಯುರೋಪಾದ ಕ್ಷೇತ್ರವೂ ತಿರುಗಿಕೊಂಡಿತ್ತು. ಶಾಶ್ವತ ಕಾಂತ ಹಾಗೆ ತಿರುಗುವುದಿಲ್ಲ.

ಈ ಅಳತೆ ಕೆಡುವ ದಾರಿಗಳು ಹಲವು. ಅಲ್ಲಿನ ಹಿನ್ನೆಲೆ ಕ್ಷೇತ್ರ ನಾನೂರು ಚಿಲ್ಲರೆ ನ್ಯಾನೋಟೆಸ್ಲಾ (ಕಾಂತಕ್ಷೇತ್ರ ಅಳೆಯುವ ಚಿಕ್ಕ ಮಾನ); ಬೆಂಗಳೂರಿನಲ್ಲಿ ಭೂಮಿಯ ಕ್ಷೇತ್ರ ಸುಮಾರು 40,000. ಇಷ್ಟು ಕ್ಷೀಣವಾದದ್ದನ್ನು ಅಳೆಯುವಾಗ ನೌಕೆಯ ಸ್ವಂತ ವೈರುಗಳ ಕರೆಂಟೇ ಅಡ್ಡ ಬರುತ್ತದೆ. ಅದಕ್ಕೇ ಕಾಂತಮಾಪಕವನ್ನು ಉದ್ದನೆಯ ತೋಳಿನ ಮೇಲೆ ಕೂರಿಸುತ್ತಾರೆ. ಗೆಲಿಲಿಯೋದ ತೋಳು 11 ಮೀಟರ್. ನೌಕೆಯ ಆ ಭಾಗ ನಿಮಿಷಕ್ಕೆ ಸುಮಾರು ಮೂರು ಸುತ್ತು ತಿರುಗುತ್ತಿತ್ತು. ಉಪಕರಣದ ಸ್ವಂತ ದೋಷ ಅದರ ಜೊತೆಗೇ ತಿರುಗುತ್ತದೆ, ಹೊರಗಿನ ಕ್ಷೇತ್ರ ತಿರುಗುವುದಿಲ್ಲ. ಆದ್ದರಿಂದ ಎರಡನ್ನೂ ಬೇರ್ಪಡಿಸಬಹುದು. ಗುರುವಿನ ಜೊತೆ ಸುತ್ತುವ ಪ್ಲಾಸ್ಮಾ, ಅಂದರೆ ವಿದ್ಯುದಾವೇಶ ಹೊತ್ತ ಕಣಗಳ ಅನಿಲ, ಯುರೋಪಾಕ್ಕೆ ಬಡಿದು ಎಬ್ಬಿಸುವ ಗಲಾಟೆ ಇನ್ನೂ ದೊಡ್ಡ ತಲೆನೋವು. ಇಷ್ಟೆಲ್ಲ ಕಳೆದ ಮೇಲೂ ಒಂದು ಗೋಜಲು ಉಳಿಯುತ್ತದೆ. 11.2 ಗಂಟೆಯ ಒಂದೇ ಲಯದಿಂದ ಸಿಗುವುದು ವಾಹಕತೆ ಮತ್ತು ದಪ್ಪ ಇವೆರಡರ ಗುಣಲಬ್ಧದ ಅಂದಾಜು. ತೆಳುವಾದ, ತುಂಬ ಉಪ್ಪಿನ ಸಮುದ್ರವೂ ಆಳವಾದ, ಸಪ್ಪೆ ಸಮುದ್ರವೂ ಒಂದೇ ಥರ ಕಾಣುತ್ತವೆ. ಇದನ್ನು ಬಿಡಿಸಲು ಯುರೋಪಾದ ಕಕ್ಷಾವಧಿಯಾದ 85 ಗಂಟೆಯ ನಿಧಾನ ಲಯವನ್ನೂ ಹಿಡಿಯಬೇಕು. ಕೆಲವೇ ಸಲ ಹಾದುಹೋದರೆ ಅದು ಸಿಗುವುದಿಲ್ಲ.

ಕಾಂತ ಸಾಕ್ಷ್ಯ ಒಂದನ್ನೇ ನೆಚ್ಚಿಕೊಂಡರೆ ಏನಾಗುತ್ತದೆ ಅನ್ನುವುದಕ್ಕೆ ಪಕ್ಕದ ಚಂದ್ರ ಐಯೋ ನೋಡಿ. ಗೆಲಿಲಿಯೋದ ಹಳೆಯ ದತ್ತಾಂಶದ ಆಧಾರದ ಮೇಲೆ 2011ರಲ್ಲಿ ಅದರ ಮೇಲ್ಪದರದ ಕೆಳಗೆ ಶಿಲಾಪಾಕದ (ಕರಗಿದ ಕಲ್ಲಿನ) ಪದರವೇ ಸುತ್ತಲೂ ಇದೆ ಎಂದು ಹೇಳಲಾಯಿತು. ಗುರುವಿನ ಅಧ್ಯಯನಕ್ಕೆ ಹೋದ ಜೂನೋ ನೌಕೆ 2023ರ ಡಿಸೆಂಬರ್ ಮತ್ತು 2024ರ ಫೆಬ್ರವರಿಯಲ್ಲಿ ಸುಮಾರು 1,500 ಕಿಲೋಮೀಟರ್ ಹತ್ತಿರ ಹೋಗಿ ಗುರುತ್ವ ಅಳೆಯಿತು. ಗುರುವಿನ ಸೆಳೆತಕ್ಕೆ ಐಯೋ ಎಷ್ಟು ಉಬ್ಬಿ ಇಳಿಯುತ್ತದೆ ಎಂದು ನೋಡಿದರೆ, ಆಳವಿಲ್ಲದ ಜಾಗತಿಕ ಶಿಲಾಪಾಕ ಸಾಗರಕ್ಕೆ ಆ ಉಬ್ಬರ ಏನೇನೂ ಸಾಲದು. ಹಳೆಯ ತೀರ್ಮಾನ ನಿಲ್ಲಲಿಲ್ಲ.

ದೂರದರ್ಶಕದಿಂದಲೂ ಇಂಥ ಕೆಲಸ ಆಗಿದೆ, ನನಗೆ ಬಹಳ ಮೆಚ್ಚಿಗೆಯಾದದ್ದು ಇದೇ. ಗುರುವಿನ ಇನ್ನೊಂದು ಚಂದ್ರ ಗ್ಯಾನಿಮೀಡ್‌ಗೆ ಸ್ವಂತ ಕಾಂತಕ್ಷೇತ್ರ ಇದೆ, ಧ್ರುವಜ್ಯೋತಿಯ ಪಟ್ಟಿಗಳೂ ಇವೆ. ಗುರುವಿನ ಕ್ಷೇತ್ರ ಹೊರಳಿದಂತೆ ಆ ಪಟ್ಟಿಗಳು ಓಲಾಡುತ್ತವೆ. ಒಳಗೆ ಸಮುದ್ರ ಇಲ್ಲದಿದ್ದರೆ ಓಲಾಟ ಸುಮಾರು 6 ಡಿಗ್ರಿ ಇರಬೇಕಿತ್ತು. ಹಬಲ್ ನೇರಳಾತೀತ ಬೆಳಕಿನಲ್ಲಿ ಕಂಡದ್ದು ಸುಮಾರು 2 ಡಿಗ್ರಿ. ಉಪ್ಪುನೀರಿನಲ್ಲಿ ಹುಟ್ಟಿದ ಕ್ಷೇತ್ರ ಉಳಿದದ್ದನ್ನು ತಡೆದಿತ್ತು. ಫಲಿತಾಂಶ ಪ್ರಕಟವಾದದ್ದು 2015ರಲ್ಲಿ.

ಇನ್ನು ಎನ್ಸೆಲಡಸ್. ವ್ಯಾಸ ಬರೀ 504 ಕಿಲೋಮೀಟರ್, ಆದರೆ ಸಾಕ್ಷ್ಯ ಮಾತ್ರ ನಾಲ್ಕೂ ಕಡೆಯಿಂದ. ಶನಿಯನ್ನು ಸುತ್ತುತ್ತಿದ್ದ ಕ್ಯಾಸಿನಿ ನೌಕೆ 2005ರಲ್ಲಿ ಅದರ ದಕ್ಷಿಣ ಧ್ರುವದಿಂದ ನೀರಾವಿ ಮತ್ತು ಹಿಮದ ಕಣಗಳು ಚಿಮ್ಮುವುದನ್ನು ಕಂಡಿತು. ಅಷ್ಟಕ್ಕೇ ಸಮುದ್ರ ಅನ್ನುವ ಹಾಗಿರಲಿಲ್ಲ.

ಗುರುತ್ವದ ಅಳತೆ ಹೀಗೆ ನಡೆಯುತ್ತದೆ. ಚಂದ್ರನ ಸೆಳೆತ ನೌಕೆಯ ವೇಗವನ್ನು ತುಸು ಬದಲಿಸುತ್ತದೆ, ಆ ಬದಲಾವಣೆಯನ್ನು ರೇಡಿಯೋ ಸಂಕೇತದ ಆವರ್ತನದಲ್ಲಿ ನೋಡುತ್ತಾರೆ (ಡಾಪ್ಲರ್ ಪರಿಣಾಮ). ನೆಲದ ಆಂಟೆನಾ ಹೈಡ್ರೋಜನ್ ಮೇಸರ್ ಎಂಬ ಅತಿ ಸ್ಥಿರ ಪರಮಾಣು ಗಡಿಯಾರಕ್ಕೆ ಕಟ್ಟಿದ ಸಂಕೇತ ಕಳಿಸುತ್ತದೆ. ನೌಕೆ ಅದರ ಆವರ್ತನವನ್ನು 880/749ರಿಂದ ಗುಣಿಸಿ, ಸುಮಾರು 8.4 ಗಿಗಾಹರ್ಟ್ಜ್‌ನಲ್ಲಿ ವಾಪಸ್ ಕಳಿಸುತ್ತದೆ. ನೌಕೆಯ ಸ್ವಂತ ಗಡಿಯಾರವನ್ನು ನಂಬದೆ ಸಂಕೇತವನ್ನು ಹೋಗಿಬರುವಂತೆ ಮಾಡುವುದು ಯಾಕೆಂದರೆ ಅಷ್ಟು ಸ್ಥಿರವಾದ ಗಡಿಯಾರ ಅದರಲ್ಲಿಲ್ಲ. ವೇಗ ಸೆಕೆಂಡಿಗೆ 1 ಮಿಲಿಮೀಟರ್ ಬದಲಾದರೆ ಮರಳಿ ಬಂದ ಆವರ್ತನ ಸುಮಾರು 0.056 ಹರ್ಟ್ಜ್ ಸರಿಯುತ್ತದೆ. ಕ್ಯಾಸಿನಿ ತಂಡ ಅದರ ಹತ್ತನೇ ಒಂದು ಪಾಲಿಗಿಂತ ಚಿಕ್ಕ ಬದಲಾವಣೆಯನ್ನೂ ಹಿಡಿಯುತ್ತಿತ್ತು. ಬೆಂಗಳೂರಿನ ಹತ್ತಿರವಿರುವ ನಮ್ಮ ಬ್ಯಾಲಾಳಿನ 32 ಮೀಟರ್ ಆಂಟೆನಾ ಚಂದ್ರಯಾನವನ್ನು ಹಿಂಬಾಲಿಸುವುದೂ ಇದೇ ತತ್ವದಲ್ಲಿ. ಕ್ಯಾಸಿನಿಯ 4 ಮೀಟರ್ ಆಂಟೆನಾ ನೌಕೆಯ ಮೈಗೇ ಬಿಗಿದದ್ದು. ಅದನ್ನು ಭೂಮಿಗೆ ತಿರುಗಿಸಿದರೆ ಕ್ಯಾಮೆರಾ ಚಂದ್ರನತ್ತ ತಿರುಗಲಾರದು. ಗುರುತ್ವ ಬೇಕೆಂದರೆ ಫೋಟೋ ಬಿಡಬೇಕು. ಹಾಗಾಗಿ ಇಪ್ಪತ್ತಕ್ಕೂ ಹೆಚ್ಚು ಭೇಟಿಗಳಲ್ಲಿ ಇದಕ್ಕೆ ಸಿಕ್ಕಿದ್ದು ಮೂರೇ, 2010ರಲ್ಲಿ ಎರಡು, 2012ರಲ್ಲಿ ಒಂದು. ದಕ್ಷಿಣದ ಮೇಲೆ ಹಾದಾಗ ಚಿಮ್ಮುವ ಆವಿಯೇ ನೌಕೆಯನ್ನು ತುಸು ತಡೆಯುತ್ತದೆ. ಆ ಎಳೆತವನ್ನೂ ಲೆಕ್ಕಕ್ಕೆ ಸೇರಿಸದಿದ್ದರೆ ಉತ್ತರ ತಪ್ಪುತ್ತದೆ.

ಸಿಕ್ಕಿದ್ದು ಇದು: ದಕ್ಷಿಣ ಧ್ರುವದಲ್ಲಿ ಸುಮಾರು 1 ಕಿಲೋಮೀಟರ್ ಆಳದ ತಗ್ಗಿದೆ, ಆದರೆ ಆ ತಗ್ಗಿಗೆ ತಕ್ಕಷ್ಟು ಗುರುತ್ವ ಕಡಿಮೆಯಾಗಿಲ್ಲ. ಕೆಳಗೆ ಹಿಮಕ್ಕಿಂತ ಸಾಂದ್ರವಾದದ್ದು ಕೊರತೆ ತುಂಬುತ್ತಿದೆ, ಅಂದರೆ ನೀರು. 2014ರ ಈ ಫಲಿತಾಂಶ ದಕ್ಷಿಣದ ನೀರನ್ನಷ್ಟೇ ತೋರಿಸಿತ್ತು.

ನೀರು ಸುತ್ತಲೂ ಇದೆ ಎಂದು ತೋರಿಸಿದ್ದು ಫೋಟೋಗಳು. ಏಳು ವರ್ಷಕ್ಕೂ ಹೆಚ್ಚಿನ ಚಿತ್ರಗಳಲ್ಲಿ ಅದೇ ಕುಳಿಗಳನ್ನು ಗುರುತಿಸುತ್ತಾ ಹೋದಾಗ, ಮೇಲ್ಮೈ ಹಿಂದಕ್ಕೂ ಮುಂದಕ್ಕೂ 0.12 ಡಿಗ್ರಿ ಓಲಾಡುವುದು ಕಂಡಿತು. ಸಮಭಾಜಕದಲ್ಲಿ ಅದು ಸುಮಾರು ಅರ್ಧ ಕಿಲೋಮೀಟರ್. ತಿರುಳಿಗೆ ಅಂಟಿಕೊಂಡ ಗಟ್ಟಿ ಹಿಮವಾಗಿದ್ದರೆ ಅದರ ಕಾಲು ಭಾಗದಷ್ಟು ಮಾತ್ರ ಇರಬೇಕಿತ್ತು. ಕರಟದಿಂದ ಕಳಚಿಕೊಂಡ ಗಿಟುಕದ ಹಾಗೆ ಒಳಗಿನ ತಿರುಳು ಬೇರೆ, ಹೊರಗಿನ ಚಿಪ್ಪು ಬೇರೆ.

ಮೂರನೆಯದು ಉಪ್ಪು. ಶನಿಯ ಇ ಉಂಗುರಕ್ಕೆ ಕಣಗಳು ಸೇರುವುದು ಎನ್ಸೆಲಡಸ್‌ನಿಂದಲೇ. ಆವಿಯಿಂದ ನೇರ ಹೆಪ್ಪುಗಟ್ಟಿದ ಹಿಮದಲ್ಲಿ ಉಪ್ಪು ಇರುವುದಿಲ್ಲ. ಕ್ಯಾಸಿನಿಯ ಧೂಳು ವಿಶ್ಲೇಷಕಕ್ಕೆ ಬಡಿದ ಕೆಲವು ಕಣಗಳಲ್ಲಿ ಸೋಡಿಯಂ ಲವಣ ಸಿಕ್ಕಿತು, 2009ರಲ್ಲಿ ಅದು ಪ್ರಕಟವಾಯಿತು. ಕಲ್ಲನ್ನು ತೊಳೆದ ನೀರಿನ ಹನಿಗಳೇ ಹಾಗೆ ಗಟ್ಟಿಯಾಗಬಲ್ಲವು. 2015ರ ಅಕ್ಟೋಬರ್ 28ರಂದು ಮೇಲ್ಮೈಯಿಂದ 49 ಕಿಲೋಮೀಟರ್ ಎತ್ತರದಲ್ಲಿ ಆ ಚಿಲುಮೆಯ ನಡುವೆಯೇ ಹಾದಾಗ ಹೈಡ್ರೋಜನ್ ಅನಿಲವೂ ಸಿಕ್ಕಿತು. ಬಿಸಿನೀರು ಕಲ್ಲಿನೊಡನೆ ವರ್ತಿಸುತ್ತಿದೆ ಎನ್ನಲು ಅದಕ್ಕಿಂತ ಸರಳ ವಿವರಣೆ ಇಲ್ಲ.

ಯುರೋಪಾಕ್ಕೆ ಬಾಕಿ ಇರುವುದು ಇಂಥದ್ದೇ ಎರಡನೇ ಬಗೆಯ ಸಾಕ್ಷ್ಯ. 2024ರ ಅಕ್ಟೋಬರ್ 14ರಂದು ಹೊರಟ ಯುರೋಪಾ ಕ್ಲಿಪರ್ 2030ರ ಏಪ್ರಿಲ್‌ನಲ್ಲಿ ಗುರುವನ್ನು ತಲುಪಬೇಕು, ಆಮೇಲೆ 49 ಸಲ ಯುರೋಪಾ ಪಕ್ಕದಲ್ಲಿ ಹಾಯಬೇಕು. ಕಾಂತಮಾಪಕದ ಜೊತೆಗೆ ಪ್ಲಾಸ್ಮಾ ಅಳೆಯುವ ಉಪಕರಣ, ಹಿಮವನ್ನು ತೂರಿ ನೋಡಲು 9 ಮತ್ತು 60 ಮೆಗಾಹರ್ಟ್ಜ್ ರೇಡಾರ್, ಮೇಲೆ ಹೇಳಿದ ಡಾಪ್ಲರ್ ವಿಧಾನದ ಗುರುತ್ವದ ಅಳತೆ ಎಲ್ಲವೂ ಅದರಲ್ಲಿವೆ.

ನೀವೇ ಪರೀಕ್ಷಿಸಬೇಕೆಂದರೆ ಗೆಲಿಲಿಯೋದ ಕಾಂತಮಾಪಕ ದತ್ತಾಂಶ ನಾಸಾದ ಪ್ಲಾನೆಟರಿ ಡೇಟಾ ಸಿಸ್ಟಂನಲ್ಲಿ ಉಚಿತ. ಇ26 ಹೆಸರಿನ ಹಾದುಹೋಗುವಿಕೆ ತೆಗೆದುಕೊಳ್ಳಿ, ಮೇಲೆ ಹೇಳಿದ 2000ದ ಜನವರಿ 3ರದ್ದು ಅದೇ. ಅತಿ ಹತ್ತಿರ ಬಂದ ಹೊತ್ತಿನ ಅಕ್ಕಪಕ್ಕದ ಕೆಲವು ನಿಮಿಷ ಬಿಟ್ಟು, ಮುಂಚಿನ ಮತ್ತು ನಂತರದ ಅಂಕಿಗಳಿಗೆ ನಯವಾದ ವಕ್ರರೇಖೆ ಹೊಂದಿಸಿ, ಅದನ್ನು ಕಳೆಯಿರಿ. ಉಳಿಯುವುದು ಯುರೋಪಾದ ಪಾಲು ಮತ್ತು ಪ್ಲಾಸ್ಮಾದ ಗದ್ದಲ. ಅಕ್ಷಗಳ ದಿಕ್ಕನ್ನು ದತ್ತಾಂಶದ ಜೊತೆ ಬರುವ ಲೇಬಲ್ ಫೈಲಿನಲ್ಲಿ ಓದಿಕೊಂಡೇ ಮುಂದುವರಿಯಿರಿ. ಹೊಸಬರು ಎಡವುವುದು ಹೆಚ್ಚಾಗಿ ಅಲ್ಲೇ.