ಆನ್‌ಲೈನ್‌ನಲ್ಲಿ ಪಾಠ ಮಾಡಿ ಪರೀಕ್ಷೆ ನಡೆಸಲು ವಿಶ್ವವಿದ್ಯಾಲಯದ ಅಧ್ಯಾಪಕರಿಗೆ ಎಂಥ ತರಬೇತಿ ಬೇಕು?

ಝೂಮ್, ಗೂಗಲ್ ಮೀಟ್ ಬಳಸಲು ಒಂದು ಮಧ್ಯಾಹ್ನ ಸಾಕು. ಅದನ್ನೇ ತರಬೇತಿ ಅಂತ ಕರೆದು ಪ್ರಮಾಣಪತ್ರ ಹಂಚುವುದು 2020ರ ಲಾಕ್‌ಡೌನ್ ಕಾಲದ ಚಾಳಿ. ಕಲಿಯಬೇಕಾದದ್ದು ಪಾಠವನ್ನು ಬೇರೆ ರೀತಿ ಕಟ್ಟುವುದನ್ನು. 2017ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸ್‌ಗಳ 'ಸ್ವಯಂ' ವೇದಿಕೆಯಲ್ಲಿ ಪ್ರತಿ ಕೋರ್ಸಿಗೂ ನಾಲ್ಕು ಅಂಗ: ವಿಡಿಯೊ, ಓದುವ ಸಾಮಗ್ರಿ, ಸ್ವಪರೀಕ್ಷೆ, ಚರ್ಚೆ. ಮೊದಲ ಎರಡಕ್ಕೆ ಬೆವರು ಸುರಿಸುವವರು ಚರ್ಚೆಯನ್ನು ಮಾತ್ರ ಪಾಳು ಬಿಡುತ್ತಾರೆ.

ಅಸಲು ಕಷ್ಟ ಮೌಲ್ಯಮಾಪನದ್ದು. 'ಬೇಡಿಕೆಯ ನಿಯಮವನ್ನು ವಿವರಿಸಿ' ಎಂದು ಕೇಳಿದರೆ ಉತ್ತರ ಮೊಬೈಲಿನಲ್ಲಿ ಸಿದ್ಧವಾಗಿರುತ್ತದೆ, ಈಗಂತೂ ಚಾಟ್‌ಜಿಪಿಟಿ ಇದೆ. 'ನಿಮ್ಮೂರ ಸಂತೆಯಲ್ಲಿ ಎರಡು ವಾರ ಟೊಮೆಟೊ ಬೆಲೆ ಬರೆದಿಟ್ಟು ಏರಿಳಿತಕ್ಕೆ ಕಾರಣ ಹೇಳಿ' ಎಂದರೆ ನಕಲು ಕಷ್ಟ. ಆಮೇಲೆ ಐದು ನಿಮಿಷ ಮೌಖಿಕ ಪ್ರಶ್ನೆ ಕೇಳಿದರೆ ಸ್ವಂತದ್ದೋ ಅಲ್ಲವೋ ತಿಳಿಯುತ್ತದೆ. ಯಾವುದಕ್ಕೆ ಎಷ್ಟು ಅಂಕ ಎಂಬುದನ್ನು ಮೊದಲೇ ಬರೆದು ಕೊಡಬೇಕು. ಬಹು ಆಯ್ಕೆಯ ಪ್ರಶ್ನೆಗಳಿಗೆ ಮೂಡಲ್ (Moodle) ಎಂಬ ಆನ್‌ಲೈನ್ ತರಗತಿ ನಡೆಸುವ ತಂತ್ರಾಂಶದಲ್ಲಿ ಪ್ರಶ್ನೆಕೋಶ ಕಟ್ಟಿದರೆ ಒಬ್ಬೊಬ್ಬರಿಗೆ ಬೇರೆ ಬೇರೆ ಪ್ರಶ್ನೆ ಹೋಗುತ್ತವೆ. ಪರೀಕ್ಷೆ ಬರೆಯುವವರ ಮೇಲೆ ಇಡುವ ಕ್ಯಾಮೆರಾ ಕಾವಲಿನ ಮೇಲೆ ನನಗೆ ನಂಬಿಕೆ ಕಡಿಮೆ. ಹಳ್ಳಿಯಲ್ಲಿ ನೆಟ್‌ವರ್ಕ್ ಹೋದ ಹುಡುಗಿಯೇ ಕಳ್ಳಿ ಅನ್ನಿಸಿಕೊಳ್ಳುತ್ತಾಳೆ.

ತರಬೇತಿಯ ಕ್ರಮ? ಅಧ್ಯಾಪಕರನ್ನೇ ಎರಡು ವಾರ ಆನ್‌ಲೈನ್ ವಿದ್ಯಾರ್ಥಿಯಾಗಿ ಕೂರಿಸಿ, ಅಸೈನ್‌ಮೆಂಟ್ ಬರೆಸಿ, ಅಭಿಪ್ರಾಯಕ್ಕೆ ಕಾಯಿಸಿ. ಆಮೇಲೆ ತಮ್ಮದೇ ವಿಷಯದ ಒಂದು ಘಟಕ ಸಿದ್ಧಪಡಿಸಲಿ, ಸಹೋದ್ಯೋಗಿ ತಿದ್ದಲಿ. 2023ರಿಂದ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) ಮಾಳವೀಯ ಮಿಷನ್ ತರಬೇತಿ ಕೇಂದ್ರಗಳು ಅಧ್ಯಾಪಕರಿಗೆ ಆನ್‌ಲೈನ್ ಕೋರ್ಸ್ ನಡೆಸುತ್ತಿವೆ. ಸೇರುವ ಮುನ್ನ ಅಲ್ಲಿ ಬರೀ ಉಪನ್ಯಾಸವೋ, ಮಾಡಿ ಕಲಿಯುವ ಕೆಲಸವೂ ಇದೆಯೋ ವಿಚಾರಿಸಿ.