ಬೆಳಗ್ಗೆ ಒಂಬತ್ತರಿಂದ ಒಂದರವರೆಗೆ ಎಲ್ಲಿಗೆ ಹೋಗಲಿ?

ಪ್ರಶ್ನೆ: ಮೇಡಂ, ನಾನು ಚನ್ನರಾಯಪಟ್ಟಣದವಳು. ವಯಸ್ಸು 33. ಯಜಮಾನರ ಕೆಲಸದಿಂದಾಗಿ ಐದು ತಿಂಗಳ ಹಿಂದೆ ಜರ್ಮನಿಗೆ ಬಂದೆವು. ಸ್ಟುಟ್‌ಗಾರ್ಟ್ ಹತ್ತಿರದ ಸಣ್ಣ ಊರು. ಮಗಳು ಒಂಬತ್ತಕ್ಕೆ ಕಿಂಡರ್‌ಗಾರ್ಟನ್‌ಗೆ ಹೋದರೆ ಬರುವುದು ಒಂದಕ್ಕೆ. ಇವರು ಬರುವಷ್ಟರಲ್ಲಿ ಏಳಾಗುತ್ತದೆ. ಹಾಗಾಗಿ ಸಂಜೆ ಕ್ಲಾಸು ನನಗೆ ಆಗುವುದಿಲ್ಲ. ಊರಲ್ಲಿ ಟೈಲರಿಂಗು, ಭಜನೆ, ಸಂಘ ಅಂತ ಓಡಾಡಿಕೊಂಡಿದ್ದವಳಿಗೆ ಇಲ್ಲಿ ಕಿಟಕಿಯೊಂದೇ ಗತಿ. ಜರ್ಮನ್ ಅಲ್ಪಸ್ವಲ್ಪ ಬರುತ್ತದೆ. ಹಗಲು ಹೊತ್ತು ನಡೆಯುವ ತರಗತಿ ಹುಡುಕುವುದು ಹೇಗೆ?

ಉತ್ತರ: ನಾನು ಈಗ ಹಾಸನದಲ್ಲಿ ಜರ್ಮನ್ ಹೇಳಿಕೊಡುತ್ತಿದ್ದರೂ ಆ ಕಿಟಕಿ ಪಕ್ಕ ನಾನೂ ಒಂದು ಚಳಿಗಾಲ ಕೂತವಳೇ. ಆ ಚಳಿಗಾಲದಲ್ಲಿ ಯಾರೂ ನನಗೆ ಹೇಳದ ಹೆಸರು ಫೋಲ್ಕ್ಸ್‌ಹೋಖ್‌ಶೂಲೆ. ಜನ ಅದನ್ನು ಚಿಕ್ಕದಾಗಿ 'ಫೌ-ಹಾ-ಎಸ್' ಅನ್ನುತ್ತಾರೆ. ದೊಡ್ಡವರಿಗಾಗಿ ಊರೇ ನಡೆಸುವ ಕಲಿಕೆಯ ಮನೆ ಅಂದುಕೊಳ್ಳಿ. ಜರ್ಮನಿಯಲ್ಲಿ ಇಂಥವು 800ಕ್ಕೂ ಹೆಚ್ಚಿವೆ. ಎಷ್ಟೋ ಊರುಗಳಲ್ಲಿ 1919ರಲ್ಲೇ ಶುರುವಾದವು. ಮಾರ್ಕ್ಸ್ ಕಾರ್ಡು ಕೇಳುವುದಿಲ್ಲ. ಹೊಲಿಗೆ, ಅಡುಗೆ, ಮಣ್ಣಿನ ಪಾತ್ರೆ, ಯೋಗ, ಕಂಪ್ಯೂಟರ್, ಭಾಷೆ ಎಲ್ಲವೂ ಇರುತ್ತವೆ. ಸರ್ಕಾರದ ಹಣವೂ ಸೇರಿರುವುದರಿಂದ ಫೀಸು ಸಾಮಾನ್ಯವಾಗಿ ಖಾಸಗಿ ಕ್ಲಾಸಿಗಿಂತ ಕಡಿಮೆ. ನಿಮ್ಮ ಊರು ತೀರಾ ಚಿಕ್ಕದಾದರೆ ಪಕ್ಕದ ಊರಿನದ್ದರ ಶಾಖೆ ಇರಬಹುದು.

ಸಮಯದ ವಿಷಯದಲ್ಲಿ ಮಾತ್ರ ಎಚ್ಚರ. ಹಾಸನಾಂಬೆ ಬಾಗಿಲು ತೆಗೆಯುವುದು ವರ್ಷಕ್ಕೊಂದು ಸಲ. ಫೌ-ಹಾ-ಎಸ್‌ನಲ್ಲಿ ಹೊಸ ಕ್ಲಾಸು ಶುರುವಾಗುವುದು ವರ್ಷಕ್ಕೆರಡು ಸಲ: ಒಂದು ಸುತ್ತು ಫೆಬ್ರವರಿ-ಮಾರ್ಚ್ ಹೊತ್ತಿಗೆ, ಇನ್ನೊಂದು ಸೆಪ್ಟೆಂಬರ್-ಅಕ್ಟೋಬರ್ ಹೊತ್ತಿಗೆ. ಅದಕ್ಕೆ ಕೆಲವು ವಾರ ಮೊದಲೇ ಕಾರ್ಯಕ್ರಮ ಪಟ್ಟಿ ಬರುತ್ತದೆ. ಹೊಲಿಗೆ, ಮಣ್ಣಿನ ಕೆಲಸದಂಥವು ಬೇಗ ತುಂಬಿಹೋಗುತ್ತವೆ. ಹಾಗಂತ ಮಧ್ಯದಲ್ಲಿ ಕೇಳಬಾರದು ಅಂತೇನಿಲ್ಲ. ಫೋನ್ ಮಾಡುವ ಬದಲು ಕಚೇರಿಗೇ ಹೋಗಿ. ಫೋನಿನಲ್ಲಿ ಅರ್ಧ ಜರ್ಮನ್ ಯಾರಿಗೂ ಅರ್ಥವಾಗುವುದಿಲ್ಲ. ಎದುರಿಗೆ ನಿಂತರೆ ಕೈಸನ್ನೆಯೂ ಮಾತಾಡುತ್ತೆ.

ಪಟ್ಟಿಯಲ್ಲಿ 'ಫೋರ್‌ಮಿಟಾಗ್' ಅನ್ನುವ ಪದ ಹುಡುಕಿ. ಅಂದರೆ ಮಧ್ಯಾಹ್ನಕ್ಕೆ ಮುಂಚಿನ ಹೊತ್ತು. ಅಲ್ಲಿನ ಒಂದು ಪಾಠ ಎಂದರೆ 45 ನಿಮಿಷ. ಹತ್ತಕ್ಕೆ ಶುರುವಾಗಿ ಹನ್ನೊಂದೂವರೆಗೆ ಮುಗಿದರೆ ಎರಡು ಪಾಠ ಎಂದು ಬರೆದಿರುತ್ತಾರೆ. ನಿಮ್ಮ ಮಗಳ ಸಮಯಕ್ಕೆ ಅದು ಹೊಂದುತ್ತೆ.

ಗಡಿಯಾರದ ಮಾತು ಬಂತು, ಒಂದು ವಿಷಯ ಹೇಳಿಬಿಡುತ್ತೇನೆ. ಮೊದಲ ದಿನ ನನಗೆ 'ಹಾಲ್ಪ್ ತ್ಸೇನ್'ಗೆ ಬನ್ನಿ ಎಂದಿದ್ದರು. ಹಾಲ್ಪ್ ಎಂದರೆ ಅರ್ಧ, ತ್ಸೇನ್ ಎಂದರೆ ಹತ್ತು. ಸರಿ, ಹತ್ತೂವರೆ ಅಂದುಕೊಂಡು ಆರಾಮಾಗಿ ಹೋದೆ. ಅಷ್ಟರಲ್ಲಿ ಒಂದು ಗಂಟೆ ಪಾಠ ಮುಗಿದಿತ್ತು! ನಾವು ಒಂಬತ್ತರ ಮೇಲೆ ಅರ್ಧ ಸೇರಿಸಿ ಹೇಳುತ್ತೇವೆ. ಅವರು ಹತ್ತರ ಕಡೆಗೆ ಅರ್ಧ ದಾರಿ ಅನ್ನುತ್ತಾರೆ. ಹಾಲ್ಪ್ ತ್ಸೇನ್ ಎಂದರೆ ಒಂಬತ್ತೂವರೆ.

ಇನ್ನು ಯಾವ ಕ್ಲಾಸು? ಎಲ್ಲರೂ ಮೊದಲು ಭಾಷೆ ಕಲಿ ಅನ್ನುತ್ತಾರೆ. ಅದು ತಪ್ಪಲ್ಲ. ಸರ್ಕಾರದ ಇಂಟಿಗ್ರೇಷನ್ ಕೋರ್ಸ್ ಎಂಬುದಿದೆ. ಸಾಮಾನ್ಯ ಕೋರ್ಸಿನಲ್ಲಿ ಭಾಷೆಗೆ 600 ಪಾಠ, ದೇಶದ ಕಾನೂನು-ಇತಿಹಾಸಕ್ಕೆ 100 ಪಾಠ. ಬಹಳ ಕಡೆ ವಾರದ ಹೆಚ್ಚಿನ ದಿನ ಬೆಳಗ್ಗೆಯೇ ನಡೆಯುತ್ತದೆ. ನಿಮ್ಮ ವೀಸಾದ ಮೇಲೆ ಅದಕ್ಕೆ ಹಕ್ಕಿದೆಯೇ ಎಂದು ಊರಿನ ವಿದೇಶಿಯರ ಕಚೇರಿಯಲ್ಲಿ ಈ ವಾರವೇ ಕೇಳಿ. ಕಾಗದಪತ್ರಕ್ಕೆ ಅಲ್ಲೂ ದಿನ ಹಿಡಿಯುತ್ತೆ.

ಆದರೆ ನನ್ನ ಮಾತು ಕೇಳುವುದಾದರೆ, ಭಾಷೆಯ ಜೊತೆಗೇ ಕೈಗೆ ಕೆಲಸ ಇರುವ ಒಂದು ಕ್ಲಾಸಿಗೂ ಸೇರಿ. ಭಾಷೆಯ ಕ್ಲಾಸಿನಲ್ಲಿ ಎಲ್ಲರೂ ನಿಮ್ಮಂತೆಯೇ ತಡವರಿಸುವವರು. ಜರ್ಮನ್ ಸಲೀಸಾಗಿ ಆಡುವವರು ಟೀಚರ್ ಒಬ್ಬರೇ. ಹೊಲಿಗೆ ಕ್ಲಾಸಿನಲ್ಲಿ ಹಾಗಲ್ಲ. ನನ್ನ ಪಕ್ಕ ಎಪ್ಪತ್ತು ದಾಟಿದ ಒಬ್ಬ ಅಜ್ಜಿ ಕೂರುತ್ತಿದ್ದರು. ನಾನು ಅಂಚಿಗೆ ಕೈಹೊಲಿಗೆ ಹಾಕುತ್ತಿದ್ದೆ, ನಾವು ಸೀರೆಗೆ ಫಾಲ್ ಹಾಕುತ್ತೇವಲ್ಲ, ಹಾಗೆ. ಅಜ್ಜಿ ಕನ್ನಡಕ ಏರಿಸಿ ಬಗ್ಗಿದರು. 'ನೋಖ್ ಮಾಲ್' ಅಂದರು. ನನಗೆ ಅರ್ಥವಾಗಲಿಲ್ಲ. ಬೆರಳು ತೋರಿಸಿದರು. ಮತ್ತೆ ನಾಲ್ಕು ಹೊಲಿಗೆ ಹಾಕಿದೆ. ಮತ್ತೆ 'ನೋಖ್ ಮಾಲ್'. ಇನ್ನೊಂದು ಸಲ ಅಂತ ಅರ್ಥ. ಅದನ್ನು ನಾನು ಪುಸ್ತಕದಲ್ಲಿ ಕಲಿತಿಲ್ಲ. ಫಾಡನ್ ಅಂದರೆ ದಾರ, ನಾಡೆಲ್ ಅಂದರೆ ಸೂಜಿ, ಶೇರೆ ಅಂದರೆ ಕತ್ತರಿ. ಇವೂ ಅಷ್ಟೇ, ಅಜ್ಜಿಯ ಕೈಯಿಂದ ನನ್ನ ಕೈಗೆ ಬಂದವು. ಟೈಲರಿಂಗ್ ಬರುವ ನಿಮಗೆ ಇದು ಇನ್ನೂ ಸುಲಭ.

ಹಗಲಿನ ಕ್ಲಾಸುಗಳಲ್ಲಿ ಸಿಗುವವರು ಜಾಸ್ತಿ ಇಂಥ ನಿವೃತ್ತರೇ. ನನ್ನ ವಯಸ್ಸಿನವರು ಯಾರೂ ಇಲ್ಲ ಅಂತ ಬೇಜಾರು ಮಾಡಿಕೊಂಡು ವಾಪಸು ಬರಬೇಡಿ. ಅವರಿಗೆ ಪುರುಸೊತ್ತಿದೆ, ನಿಧಾನ ಮಾತಾಡುತ್ತಾರೆ, ನೀವು ಒಂದು ವಾರ ಬಾರದಿದ್ದರೆ ಗಮನಿಸುತ್ತಾರೆ. ಆದರೆ ಆ ಕಡೆಯ ಹಿರಿಯರದು ಶ್ವಾಬಿಶ್, ಅಲ್ಲಿನ ಆಡುಮಾತು. ಪುಸ್ತಕದ ಜರ್ಮನ್ ಕಲಿತವರಿಗೆ ಮೊದಮೊದಲು ತಲೆಬುಡ ಗೊತ್ತಾಗುವುದಿಲ್ಲ. ಹಾಸನದವರು ಬೀದರಿನ ಸಂತೆಗೆ ಹೋದ ಹಾಗೆ ಅಂತಿಟ್ಟುಕೊಳ್ಳಿ.

ಸೆಮಿಸ್ಟರ್ ಶುರುವಾಗುವವರೆಗೆ ಏನು ಮಾಡುವುದು ಅಂತೀರಾ? ಊರ ಲೈಬ್ರರಿಯಲ್ಲಿ 'ಶ್ಪ್ರಾಖ್‌ಕಫೆ' ಇದೆಯೇ ಕೇಳಿ. ಕಾಫಿ ಕುಡಿಯುತ್ತಾ ಜರ್ಮನ್ ಆಡುವ ಕೂಟ ಅದು, ಹೆಚ್ಚಾಗಿ ಪುಕ್ಕಟೆ. ಮತ್ತೆ, ಹೆಚ್ಚುಕಡಿಮೆ ಪ್ರತಿ ಊರಲ್ಲೂ ಕ್ರೀಡಾ ಸಂಘ ಇರುತ್ತದೆ. ಎಷ್ಟೋ ಕಡೆ ಬೆಳಗ್ಗೆ ಹೊತ್ತು ಬೆನ್ನು-ಸೊಂಟದ ವ್ಯಾಯಾಮ ಮಾಡಿಸುತ್ತಾರೆ. ಸೇರುವ ಮೊದಲು 'ಶ್ನುಪ್ಪರ್‌ಶ್ಟುಂಡೆ' ಕೇಳಿ. ಪದಕ್ಕೆ ಪದ ಹೇಳಿದರೆ 'ಮೂಸಿ ನೋಡುವ ಗಂಟೆ'. ಸಾಮಾನ್ಯವಾಗಿ ದುಡ್ಡಿಲ್ಲದೆ ಒಂದು ದಿನ ಬಂದು ನೋಡಬಹುದು.

ಕೊನೆಗೊಂದು ಕಿರಿಕಿರಿ. ಸಾಕಷ್ಟು ಜನ ಸೇರದಿದ್ದರೆ ಕ್ಲಾಸು ರದ್ದಾಗುತ್ತದೆ, ಹಣ ವಾಪಸು ಬರುತ್ತದೆ. ನನಗೆ ಮಣ್ಣಿನ ಪಾತ್ರೆಯ ಕ್ಲಾಸು ಹಾಗೇ ಕೈತಪ್ಪಿತು. ಅದಕ್ಕೇ ಎರಡಕ್ಕೆ ಹೆಸರು ಕೊಟ್ಟಿರಿ. ಆದರೆ ನೀವಾಗಿ ಬಿಡುವುದಾದರೆ ಅದಕ್ಕೊಂದು ಕೊನೆಯ ದಿನಾಂಕ ಇರುತ್ತದೆ. ಅದು ದಾಟಿದರೆ ದುಡ್ಡು ಹೋದ ಹಾಗೇ.

ಪ್ರಶ್ನೆ: ನಾನು ಮೂಡಿಗೆರೆ ಕಡೆಯ ಕಾಫಿ ಬೆಳೆಗಾರ, 66 ವರ್ಷ. ಮಗ-ಸೊಸೆ ಇಂಗ್ಲೆಂಡಿನಲ್ಲಿದ್ದಾರೆ. ಐದಾರು ತಿಂಗಳು ಬಂದಿರಿ ಅನ್ನುತ್ತಾರೆ. ಇಬ್ಬರೂ ಕೆಲಸಕ್ಕೆ ಹೋದ ಮೇಲೆ ನಾನು ಗೋಡೆ ನೋಡುತ್ತಾ ಕೂರಬೇಕಾ?

ಉತ್ತರ: ಬೇಡ ಸರ್. ಅಲ್ಲಿ 'ಯು-ತ್ರೀ-ಎ' ಅಂತ ಕೂಟಗಳಿವೆ, ಬಾಳಿನ ಮೂರನೇ ಘಟ್ಟದವರ ವಿಶ್ವವಿದ್ಯಾಲಯ. ಹೆಸರು ಕೇಳಿ ಹೆದರಬೇಡಿ. ಪರೀಕ್ಷೆ ಇಲ್ಲ, ಸರ್ಟಿಫಿಕೇಟೂ ಇಲ್ಲ. ಫ್ರಾನ್ಸಿನ ಟುಲೂಸ್‌ನಲ್ಲಿ 1973ರಲ್ಲಿ ಹುಟ್ಟಿ, ಬ್ರಿಟನ್ನಿಗೆ 1982ರಲ್ಲಿ ಬಂತು. ಪೂರ್ತಿ ಹೊತ್ತಿನ ದುಡಿಮೆ ಬಿಟ್ಟವರೇ ಸದಸ್ಯರು, ಅವರೇ ಮೇಷ್ಟ್ರು. ಗಿಡಗಂಟೆ, ಇತಿಹಾಸ, ನಡಿಗೆ, ಇಸ್ಪೀಟು, ಹೀಗೆ ಬೇರೆ ಬೇರೆ ಗುಂಪುಗಳು. ಹೆಚ್ಚಿನವು ಹಗಲಲ್ಲೇ ಸೇರುತ್ತವೆ. ಸದಸ್ಯರಾಗುವ ಮೊದಲು ಅತಿಥಿಯಾಗಿ ಬರಬಹುದೇ ಎಂದು ಮಗನಿಂದ ಒಂದು ಮೇಲ್ ಹಾಕಿಸಿ.

ಕೊಯ್ಲು, ಒಣಗಿಸುವುದು ಮುಗಿದು, ಕಾಫಿ ಹೂ ಅರಳಿಸುವ ಹೂಮಳೆ ನೋಡಿಕೊಂಡು ಏಪ್ರಿಲ್‌ನಲ್ಲಿ ಹೊರಡಿ. ಅಲ್ಲೂ ಚಳಿ ಕಡಿಮೆಯಾಗಿರುತ್ತೆ, ಹಗಲು ಉದ್ದ. ಆಗಸ್ಟ್‌ನಲ್ಲಿ ಮಾತ್ರ ಬಹಳ ಗುಂಪುಗಳಿಗೆ ರಜೆ. ಯಾವುದಾದರೂ ಗುಂಪಿನಲ್ಲಿ ನೀವೇ ಒಂದು ಬೆಳಗ್ಗೆ ಕಾಫಿ ತೋಟದ ಬಗ್ಗೆ ಮಾತಾಡಿ. ಬಾಬಾ ಬುಡನ್ ಏಳು ಬೀಜ ತಂದ ಕಥೆ, ನೆರಳಿನ ಮರಕ್ಕೆ ಹಬ್ಬಿಸಿದ ಮೆಣಸು, ಹೂಮಳೆ ಒಂದು ವಾರ ತಡವಾದರೆ ಹೊಟ್ಟೆಯಲ್ಲಿ ಆಗುವ ಸಂಕಟ. ಇಂಗ್ಲಿಷ್ ಹೇಗಿದ್ದರೂ ನಡೆಯುತ್ತೆ. ಹೊರಡುವಾಗ ನಿಮ್ಮ ತೋಟದ್ದೇ ಅರ್ಧ ಕೆ.ಜಿ. ಪುಡಿ, ಒಂದು ಸ್ಟೀಲ್ ಫಿಲ್ಟರ್ ಬ್ಯಾಗಿಗೆ ಹಾಕಿಕೊಳ್ಳಿ. ಮಾತು ಮುಗಿದ ಮೇಲೆ ಕೇಳೇ ಕೇಳುತ್ತಾರೆ.